ಕತ್ತರಿ ಕಾಣದ ಬಟ್ಟೆ

ದೂರಿನ ಹಾಳೆಗೆ ಪಿನ್ನು ಚುಚ್ಚಿದ್ದ ಅಂಗೈಯಗಲದ ಬಟ್ಟೆ ಕಂಡ ಕೂಡಲೇ ಪವಿತ್ರಳಿಗೆ ತನ್ನ ಟ್ರಂಕು ನೆನಪಾಯಿತು. ಕೆನೆಬಣ್ಣದ ಸ್ಯಾಟಿನ್, ಮೇಲೆ ನವಿಲುನೀಲಿಯ ಸಣ್ಣ ಎಲೆ. ಇದೇ ಬಟ್ಟೆಯ ರವಿಕೆಯೊಂದು ಟ್ರಂಕಿನಲ್ಲಿ, ಅವಳ ಡೈರಿಗಳ ಕೆಳಗೆ ಮಡಚಿ ಕೂತಿತ್ತು. ಇಂಥ ಬಟ್ಟೆ ಎಷ್ಟೋ ಇರುತ್ತವೆ ಎಂದು ತನಗೆ ತಾನೇ ಹೇಳಿಕೊಂಡಳು. ನಂಬಿಕೆ ಬರಲಿಲ್ಲ.

2024ರ ನವೆಂಬರ್ 21, ಗುರುವಾರ, ಬೆಳಿಗ್ಗೆ 11.20. ದೂರು ತಂದವರು ಕೊಳಾಲ ರಸ್ತೆಯ ಗಾರ್ಮೆಂಟ್ಸ್‌ನ ಮ್ಯಾನೇಜರ್ ಗೌರೀಶ್.

"ಸುಂಕ ಇಲ್ದೆ ಹೊರದೇಶದಿಂದ ತರಿಸೋ ಬಟ್ಟೆ ಸಾರ್ ಇದು," ಎಂದರು ಗೌರೀಶ್, ಇನ್‌ಸ್ಪೆಕ್ಟರ್ ಪರಮೇಶ್ ಅವರ ಎದುರು ಕೂತು. "ಹೊಲಿದು ವಾಪಸ್ ಹೊರದೇಶಕ್ಕೇ ಕಳಿಸ್ಬೇಕು. ಉಳಿದಿದ್ದನ್ನ ಯಾರೂ ಉಡದ ಹಾಗೆ ಚೂರು ಮಾಡಿ, ಚೀಲಕ್ಕೆ ತುಂಬಿ ಸೀಲ್ ಮಾಡ್ಬೇಕು. ನಿನ್ನೆ ಸುಂಕದವರು ಚೀಲ ಬಿಚ್ಚಿಸಿದ್ರು. ಮೇಲೆ ಒಂದು ಹಿಡಿ ಸ್ಯಾಟಿನ್ ಚೂರು, ಕೆಳಗೆಲ್ಲ ನಮ್ಮ ಕಡೆ ಹತ್ತಿ ಚಿಂದಿ. ನೂರೆಂಬತ್ತು ಮೀಟರ್ ಇಲ್ಲ. ಲೈಸೆನ್ಸ್ ಹೋದ್ರೆ ನಾನೂರು ಹೆಂಗಸರು ಮನೇಲಿ ಕೂರ್ಬೇಕು."

"ಯಾರ ಮೇಲೆ ಅನುಮಾನ?"

"ಚೀಲ ಸಾಗಿಸೋ ಲಾರಿ ಡ್ರೈವರ್ ಶಿವರಾಜು."

ಎಫ್‌ಐಆರ್ ಬರೆದವಳು ಪವಿತ್ರಳೇ. ಬಿ.ಎ. ಮುಗಿಸಿ ಕಾನ್‌ಸ್ಟೆಬಲ್ ಆಗಿ ಹನ್ನೊಂದು ತಿಂಗಳು. ಅಕ್ಷರ ದುಂಡಗಿದೆಯೆಂದು ಠಾಣೆಯ ಬರವಣಿಗೆಯೆಲ್ಲ ಅವಳ ಪಾಲು.

"ಪೆನ್ನಿಗಿರೋ ಬಾಯಿ ನಿಂಗಿಲ್ಲ ಕಣಮ್ಮ," ಎಂದು ಹೆಡ್ ಕಾನ್‌ಸ್ಟೆಬಲ್ ತಿಪ್ಪೇಶ್ ಛೇಡಿಸಿದ. ಎಂದಿನಂತೆ ನಗಲು ಅವಳಿಗೆ ಆಗಲಿಲ್ಲ.

ಮಧ್ಯಾಹ್ನ ಒಂದಕ್ಕೆ ಶಿವರಾಜುವನ್ನು ಕರೆತಂದರು. ಅವನ ಹಿಂದೆಯೇ ಓಡಿಬಂದ ಹೆಂಡತಿ ಮಂಜಮ್ಮ ಠಾಣೆಯ ಮೆಟ್ಟಿಲ ಮೇಲೆ ಕೂತಳು.

"ಬಟ್ಟೆ ಎಲ್ಲೋ?" ಎಂದರು ಪರಮೇಶ್.

"ಚೀಲದೊಳ್ಗೆ ಏನೈತೆ ಅಂತ್ಲೇ ನಂಗೊತ್ತಿಲ್ಲ ಸಾರ್. ಹೊಲ್ದು ಸೀಲ್ ಹಾಕಿರ್ತಾರೆ. ಒಯ್ದು ಸಿರಾ ಗೋಡೌನ್‌ಗೆ ಇಳಿಸ್ತೀನಿ, ಅಷ್ಟೇಯ."

"ದಾರೀಲಿ ಬಿಚ್ಚಿದ್ಯಾ?"

"ನನ್ ಮಕ್ಳಾಣೆಗೂ ಇಲ್ಲ ಸಾರ್!"

ಕಿಟಕಿಯಾಚೆ ಮಂಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆ ಬಟ್ಟೆ ಎಲ್ಲಿ ಹೋಯಿತೆಂದು ಈ ಕೋಣೆಯಲ್ಲಿ ಒಬ್ಬಳಿಗೆ ಗೊತ್ತು. ಹೇಳಿದರೆ ಕದ್ದ ಮಾಲು ಇಟ್ಟುಕೊಂಡ ಪೊಲೀಸಿನವಳಾಗುತ್ತಾಳೆ. ನೌಕರಿ ಇನ್ನೂ ಕಾಯಂ ಆಗಿಲ್ಲ. ಹೇಳದಿದ್ದರೆ ಈ ಮನುಷ್ಯ. ಪವಿತ್ರ ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಎರಡೂವರೆಗೆ ಫ್ಯಾಕ್ಟರಿಯಲ್ಲಿ ಪಂಚನಾಮೆ. ಸಿರಾದಿಂದ ತರಿಸಿದ್ದ, ಇನ್ನೂ ಬಿಚ್ಚದ ಐದು ಚೀಲಗಳನ್ನು ಪರಮೇಶ್ ಒಂದೊಂದಾಗಿ ಹೊರಳಿಸಿ ನೋಡಿದರು. ಹೊಲಿಗೆ ಕದಲಿರಲಿಲ್ಲ, ಸೀಲು ಒಡೆದಿರಲಿಲ್ಲ. ಪಂಚರ ಎದುರು ಬಿಚ್ಚಿಸಿದರೆ ಒಳಗೆ ಅದೇ ಹತ್ತಿ ಚಿಂದಿ.

"ಸೀಲ್ ಹಾಕೋಕೆ ಮುಂಚೇನೇ ಬದಲಾಗಿದೆ," ಎಂದರು. "ಶಿವರಾಜೂನ ಮನೆಗೆ ಕಳಿಸಿ. ಸೀಲ್ ಯಾರ ಕೈಲಿರುತ್ತೆ?"

"ಸ್ಟೋರಿನ ರಾಜಲಕ್ಷ್ಮಮ್ಮನ ಹತ್ರ," ಎಂದರು ಗೌರೀಶ್. "ಚೂರು ಮಾಡ್ಸೋದೂ ಅವರೇ."

ರಾಜಲಕ್ಷ್ಮಮ್ಮ ಪವಿತ್ರಳ ಬೀದಿಯವರೇ. ಐವತ್ತು ದಾಟಿದ ಹೆಂಗಸು, ಗಂಡ ತೀರಿ ಎಂಟು ವರ್ಷ. ಸಂಜೆ 4.10ಕ್ಕೆ ದಸ್ತಗಿರಿ. ಅವರ ಮೊಣಕೈ ಹಿಡಿದು ಜೀಪು ಹತ್ತಿಸಬೇಕಾದವಳು, ಠಾಣೆಯ ಏಕೈಕ ಮಹಿಳಾ ಪೇದೆ, ಪವಿತ್ರ. ರಾಜಲಕ್ಷ್ಮಮ್ಮ ಅವಳ ಮುಖ ನೋಡಿದರು; ಗುರುತಿನವಳೆಂದು ತೋರಿಸಿಕೊಳ್ಳಲಿಲ್ಲ.

ಠಾಣೆಯಲ್ಲಿ ಹೇಳಿಕೆ.

"ಬಟ್ಟೆ ಏನ್ ಮಾಡಿದ್ರಿ?"

"ಮಾರ್ಬುಟ್ಟೆ ಸಾರ್."

"ಯಾರಿಗೆ?"

"ಸಂತೇಲಿ. ಯಾರೋ, ಏನೋ."

"ಬೇರೆ ಯಾರ ಹತ್ರನಾದ್ರೂ ಇದೆಯಾ?"

"ಇಲ್ಲ ಸಾರ್. ಯಾರತ್ರಾನೂ ಇಲ್ಲ."

ಫ್ಯಾಕ್ಟರಿಯ ಹೆಂಗಸರಲ್ಲಿ ಎಷ್ಟು ಜನರ ಮನೆಯಲ್ಲಿ ಅವರು ಹಂಚಿದ ರವಿಕೆ ಕಣಗಳಿವೆಯೋ, ಅಷ್ಟು ಜನರ ಕೆಲಸವನ್ನು ಆ ಒಂದು ಸುಳ್ಳು ಕಾಪಾಡಿತ್ತು. ಪವಿತ್ರಳದನ್ನೂ.

"ಬರ್ಕೊಳ್ಳಮ್ಮ," ಎಂದರು ಪರಮೇಶ್. "ಸಂತೆಯಲ್ಲಿ ಮಾರಾಟ ಮಾಡಿರುತ್ತೇನೆ."

'ಸಂತೆಯಲ್ಲಿ' ಎಂದು ಬರೆದು ಪವಿತ್ರಳ ಕೈ ನಿಂತಿತು. ಅಕ್ಕನ ಸೀಮಂತದ ದಿನ ಕಣ್ಣಿಗೆ ಕಟ್ಟಿತು. ಮುತ್ತೈದೆಯರು ಸಾಲಾಗಿ ಮಡಿಲು ತುಂಬುತ್ತಿದ್ದಾಗ ರಾಜಲಕ್ಷ್ಮಮ್ಮ ಬಾಗಿಲ ಚೌಕಟ್ಟು ಹಿಡಿದು ಹೊರಗೇ ನಿಂತಿದ್ದರು. ಆಮೇಲೆ ಚೀಲದಿಂದ ಸ್ಯಾಟಿನ್ ಕಣಗಳನ್ನು ತೆಗೆದು ಹಂಚತೊಡಗಿದಾಗ ಹೆಂಗಸರೆಲ್ಲ ಅವರನ್ನೇ ಮುತ್ತಿಕೊಂಡರು. ಅಂದು ಅವರು ಪವಿತ್ರಳ ಕಿವಿಯಲ್ಲಿ ಹೇಳಿದ್ದರು: "ನಮ್ಮೋರು ಹೋದ್ಮೇಲೆ ನನ್ ಕೈಯಿಂದ ಯಾರೂ ಒಂದ್ ಕಣ ಇಸ್ಕೊಂಡಿಲ್ಲ ಕಣಮ್ಮ. ಈ ಬಟ್ಟೆ ಅಂದ್ರೆ ನೋಡು, ಹೆಂಗೆ ಕೈ ಒಡ್ತಾರೆ! ಇಂಥಾದ್ಕೆ ಕತ್ತರಿ ಹಾಕು ಅಂತಾರೆ. ನಂಗೆ ಕೈ ಬರಾಕಿಲ್ಲ."

"ಯಾಕಮ್ಮ ನಿಂತೆ? ಬರಿ," ಎಂದರು ಪರಮೇಶ್.

ರಾಜಲಕ್ಷ್ಮಮ್ಮ ತಲೆಯೆತ್ತಿ, ಬೇಡವೆಂಬಂತೆ ಕಣ್ಣಲ್ಲೇ ತಡೆದರು.

ಪವಿತ್ರ ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ನಿಂತಳು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವಳ ದನಿ ಆಚೆ ಕೋಣೆಯಲ್ಲಿದ್ದ ತಿಪ್ಪೇಶನಿಗೂ ಕೇಳಿಸಿತು.

"ಅವ್ರು ಮಾರಿಲ್ಲ ಸಾರ್. ನಂಗೂ ಒಂದು ಕೊಟ್ಟವ್ರೆ. ನಾನು ಹೊಲಿಸ್ಕೊಂಡಿದೀನಿ."