ಬೀಗ ಹಾಕಿದ ಮನೆಯಲ್ಲಿ ಎಡೆ

"ಅಮ್ಮಾ, ಸತ್ತುಹೋದೋರಿಗೆ ನಮ್ಮ ಮೇಲೆ ಕೋಪ ಇರುತ್ತಾ?"

ನಯನಾ ಗೇಟಿನ ಹತ್ತಿರವೇ ನಿಂತು ಹೀಗೆ ಕೇಳಿದಾಗ ನಾನು ಲಕ್ಷ್ಮಿದೇವಮ್ಮನವರ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಹಾಡಹಗಲು, ಮೈಮೇಲೆ ಬಿಸಿಲು. ಆದರೂ ಆ ಹುಡುಗಿಯ ಮುಖ ನೋಡಿ ನನ್ನ ಬೆನ್ನು ತಣ್ಣಗಾಯಿತು.

"ಒಳಕ್ ಬಾರವ್ವ. ಕೂತ್ಕೊಂಡು ಯೋಳು," ಎಂದರು ಲಕ್ಷ್ಮಿದೇವಮ್ಮ.

ಲಕ್ಷ್ಮಿದೇವಮ್ಮ ಯಲಹಂಕದ ಹಳೇ ಊರಿನವರು, ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಬಡಾವಣೆಯಲ್ಲಿ ಯಾರ ಮನೆಯ ನಲ್ಲಿ ಕಳುವಾದರೂ ಜನ ಠಾಣೆಗಿಂತ ಮೊದಲು ಈ ಜಗಲಿಗೆ ಬರುತ್ತಾರೆ. ನಾನು ಅಲಮೇಲು, ಎದುರು ಮನೆಯವಳು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಗಂಟಲು ಸವೆಸಿಕೊಂಡವಳು. ಅವರ ಪತ್ತೇದಾರಿಕೆಗೆ ಕಾಫಿ ಕಾಸುವುದು, ಜೊತೆಗೆ ಅಲೆಯುವುದು, ಕೊನೆಗೆ ಬಾಯಿ ಬಿಟ್ಟುಕೊಂಡು ಕೇಳುವುದು, ಇಷ್ಟು ನನ್ನ ಪಾಲಿನದು.

ನಯನಾ ಹವಿಲ್ದಾರ್ ಅಶ್ವತ್ಥನ ಹೆಂಡತಿ. ಗಡಿಯ ಮೇಲಿನ ಹಿಮದಲ್ಲಿ ಅವನು ಹೂತುಹೋಗಿ ಐದು ವರ್ಷವಾಗಿದೆ. ನಮ್ಮ ಪಾರ್ಕಿನ ಮೂಲೆಯಲ್ಲಿ ಅವನ ಹೆಸರು ಕೆತ್ತಿದ ಕಪ್ಪು ಕಲ್ಲಿದೆ. ಪ್ರತಿ ವರ್ಷ ಅವನ ಸ್ಮರಣೆಯ ದಿನ ಎಲ್ಲರೂ ಸೇರಿ ಹೂವಿಟ್ಟು, ಮೌನವಾಗಿ ನಿಂತು, ತಿಂಡಿ ತಿಂದು ಮನೆಗೆ ಬರುತ್ತೇವೆ. ತಿಂಡಿಯ ಉಸ್ತುವಾರಿ ನನ್ನದು. ಈ ಸಲ ಹೊಂಗೆ ಮರದ ಹಿಂದೆ ನಿಂತಿದ್ದವನೊಬ್ಬ ಕಲ್ಲಿಗೆ ಸೆಲ್ಯೂಟ್ ಹೊಡೆದ. ಖಾರಾಬಾತ್ ತೆಗೆದುಕೊಂಡು ಹೋದೆ. ಎರಡು ಬೆರಳಿಲ್ಲದ ಕೈಯನ್ನು ಜೋಡಿಸಿ, "ಬೇಡಮ್ಮ," ಎಂದು ಹೊರಟೇಹೋದ. ಬೆಳಗಿನ ಜಾವ ಎದ್ದು ಬೇಯಿಸಿದವಳಿಗೆ ಸಿಟ್ಟು ಬರದೆ ಇರುತ್ತದೆಯೇ? ನನಗಂತೂ ಬಂತು.

ನಯನಾ ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮ ಬಡಾವಣೆಯಲ್ಲಿರುವ ಗಂಡನ ಮನೆಯಲ್ಲಿ ಒಬ್ಬಳೇ ಇರಲಾರದೆ ಅಲ್ಲೇ ರೂಮು ಮಾಡಿಕೊಂಡಿದ್ದಾಳೆ. ಮನೆಗೆ ಬೀಗ ಬಿದ್ದು ವರ್ಷವಾಯಿತು. ಈಗ ಅದನ್ನು ಮಾರಿ ಆಸ್ಪತ್ರೆಯ ಹತ್ತಿರ ಚಿಕ್ಕದೊಂದು ಮನೆ ಕೊಳ್ಳಬೇಕೆಂದಿದ್ದಳು. ಅನಿಕೇತ್ ಎಂಬ ಬ್ರೋಕರ್ ಗಿರಾಕಿಗಳನ್ನು ಕರೆತರುತ್ತಿದ್ದ.

"ಮನೆ ನೋಡೋಕೆ ಜನ ಬಂದಾಗೆಲ್ಲ ಒಳಗೆ ಎಡೆ ಇಟ್ಟಿರುತ್ತೆ ಅಮ್ಮಾ," ಎಂದಳು ನಯನಾ. "ಅವ್ರ ಫೋಟೋ ಮುಂದೆ. ಬೀಗ ಹಾಕಿದ್ದು ಹಾಕಿದ ಹಾಗೇ ಇರುತ್ತೆ. ಇವತ್ತು ಮೂರನೇ ಸಲ. ಅನ್ನದಲ್ಲಿ ಇನ್ನೂ ಹಬೆ ಆಡ್ತಿತ್ತಂತೆ. ಬಂದೋರು ಚಪ್ಪಲಿ ಕೂಡ ಹಾಕ್ಕೊಳ್ದೆ ಓಡಿದ್ರಂತೆ."

ಎಡೆ ಎಂದರೆ ತೀರಿಹೋದವರಿಗೆ ಇಡುವ ಊಟ. ಅವರಿಗೆ ಯಾವುದು ಇಷ್ಟವೋ ಅದನ್ನೇ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಆಚೆ ನಿಲ್ಲುತ್ತಾರೆ. ಅವರು ಬಂದು ಉಂಡು ಹೋಗಲಿ ಎಂದು. ಆಮೇಲೆ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ನಮ್ಮ ಮನೆಗಳಲ್ಲಿ ಈ ರೀತಿ ಇಲ್ಲ. ನನಗೆ ಇದನ್ನೆಲ್ಲ ಹೇಳಿಕೊಟ್ಟವರು ಲಕ್ಷ್ಮಿದೇವಮ್ಮ.

"ಮನೆ ಮಾರೋದು ಅವ್ರಿಗೆ ಇಷ್ಟ ಇಲ್ಲ ಅಂತ ರಸ್ತೆಯೋರೆಲ್ಲ ಹೇಳ್ತಿದ್ದಾರೆ," ಎಂದು ನಯನಾ ಅತ್ತಳು. "ಕೊನೇ ಸಲ ಫೋನ್ ಮಾಡಿದಾಗ ಡ್ಯೂಟಿಲಿದ್ದೆ. ಆಮೇಲೆ ಮಾತಾಡ್ತೀನಿ ಅಂತ ಸಿಡುಕಿ ಇಟ್ಬಿಟ್ಟೆ. ಅವ್ರಿಗೆ ಕೋಪ ಇದ್ರೆ ಹೇಳ್ಬಿಡಿ ಅಮ್ಮಾ. ನಾನು ಮಾರಲ್ಲ. ಸಾಯೋತನಕ ಆ ಮನೇಲೇ ಬಿದ್ದಿರ್ತೀನಿ."

ಮೂವತ್ತು ದಾಟಿದ ಹುಡುಗಿ ಹೀಗೆನ್ನುವುದನ್ನು ಕೇಳಿ ನಾನು ಅವರೆಕಾಯಿ ಪಕ್ಕಕ್ಕಿಟ್ಟು ಅವಳ ಕೈ ಹಿಡಿದುಕೊಂಡೆ. ಲಕ್ಷ್ಮಿದೇವಮ್ಮ ಮಾತ್ರ, "ಬೀಗದ ಕೈ ಯಾರ್ಯಾರ್ ತಾವ ಅವೆ?" ಎಂದರು.

"ನನ್ನ ಹತ್ರ, ಅನಿಕೇತ್ ಹತ್ರ, ಪಕ್ಕದ ಮನೆ ಭಾವನ ಹತ್ರ." ನಯನಾ ತಡೆದಳು. "ಇನ್ನೊಂದು ಸಂಪಿನ ಮುಚ್ಚಳದ ಕೆಳಗೆ, ಕೊಕ್ಕೇಲಿ. ರಜಾ ಸಿಕ್ಕಾಗ ಹೇಳ್ದೆ ಕೇಳ್ದೆ ಬರೋರಲ್ಲ, ಅದಕ್ಕೆ ಅವರೇ ಇಟ್ಟಿದ್ದು. ನಮ್ಮಿಬ್ರಿಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ."

ನಾವು ಆಗಲೇ ಹೊರಟೆವು. ಸಂಪಿನ ಮುಚ್ಚಳ ಎತ್ತಿದರೆ ಕೀ ಅಲ್ಲೇ ನೇತಾಡುತ್ತಿತ್ತು. ಕೊಕ್ಕೆ ತುಕ್ಕು ಹಿಡಿದು ಕೆಂಪಾಗಿತ್ತು. ಕೀ ಮಾತ್ರ ಫಳಫಳ ಹೊಳೆಯುತ್ತಿತ್ತು. ಯಾರೋ ಹೊಸದಾಗಿ ಎಣ್ಣೆ ಸವರಿದ್ದರು.

"ರಜಾದಲ್ಲಿ ಬಂದಾಗೆಲ್ಲ ಅವ್ರು ಹೀಗೇ ಎಣ್ಣೆ ಹಚ್ಚಿಡ್ತಿದ್ರು," ಎಂದು ನಯನಾ ಗೋಡೆ ಹಿಡಿದುಕೊಂಡಳು. ದೇವರಾಣೆ, ನನಗೂ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು.

ಒಳಗೆ ಊದುಬತ್ತಿಯ ವಾಸನೆ ಇನ್ನೂ ಇತ್ತು. ಮುಂಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವಂತೆ, ನಡುಮನೆಯ ಮಧ್ಯೆ ಸ್ಟೂಲಿನ ಮೇಲೆ ಅಶ್ವತ್ಥನ ಫೋಟೋ, ಹೊಸ ಹೂವಿನ ಹಾರ. ಕೆಳಗೆ ಬಾಳೆಲೆ: ಅನ್ನ, ಸಾರು, ಮಾಂಸ, ಒಂದು ಲೋಟ ರಮ್, ಸಿಗರೇಟು. ಆ ಹೊತ್ತಿಗೆ ವಾಯುಪಡೆಯ ವಿಮಾನವೊಂದು ತಲೆಯ ಮೇಲೆ ಹಾದು, ಫೋಟೋದ ಗಾಜು ಗಡಗಡ ನಡುಗಿತು. ಅವನ ಮುಖವೇ ಅಲುಗಾಡಿದಂತೆ ಕಂಡು ನಾನು ಲಕ್ಷ್ಮಿದೇವಮ್ಮನವರ ಸೆರಗು ಹಿಡಿದುಕೊಂಡೆ.

"ಮೂರು ಸಲಾನೂ ಇದೇ ಊಟಾನಾ?" ಎಂದರು ಅವರು.

"ಇಲ್ಲ. ಮೊದಲ್ನೇದು ಬೇರೆ ಥರ. ಅದು ಸ್ಮರಣೆ ದಿನ, ಕಾರ್ಯಕ್ರಮ ಮುಗಿದ ಮೇಲೆ ಅನಿಕೇತ್ ಯಾರನ್ನೋ ಕರ್ಕೊಂಡು ಬಂದಾಗ ಕಂಡಿದ್ದು. ಫೋಟೋ ತೆಗೆದು ಕಳಿಸಿದ್ರು." ನಯನಾ ಮೊಬೈಲ್ ತೋರಿಸಿದಳು. ಆ ಎಡೆ ಒಳಕೋಣೆಯಲ್ಲಿತ್ತು. ಎಲೆಯಿಲ್ಲ, ದೀಪವಿಲ್ಲ. ಸ್ಟೀಲ್ ತಟ್ಟೆಯಲ್ಲಿ ಬಿಸ್ಕತ್ತು, ಪಕ್ಕದಲ್ಲಿ ಸಿಹಿ ಗಟ್ಟಿಹಾಲಿನ ಡಬ್ಬಿ. ಚಾಕುವಿನಿಂದ ಮುಚ್ಚಳ ಕೊಯ್ದು ತೆರೆದಿದ್ದರು. ಹಾಲಿನಲ್ಲಿ ಒಂದು ಚಮಚದಷ್ಟು ಗುಳಿ ಬಿದ್ದಿತ್ತು.

"ಯಾರೋ ತಿಂದವ್ರೆ," ಎಂದರು ಲಕ್ಷ್ಮಿದೇವಮ್ಮ ಮೆಲ್ಲಗೆ. "ಈ ಕೋಣೆ ಬಾಗ್ಲು ಮುಚ್ಚಿತ್ತಾ?"

"ಮುಚ್ಚಿತ್ತಂತೆ. ಆದ್ರೆ ಅವ್ರು ಸಿಹಿನೇ ಮುಟ್ತಿರ್ಲಿಲ್ಲ ಅಮ್ಮಾ! ಮನೇಲಿ ಯಾರೂ ಅವ್ರಿಗೆ ಇದನ್ನ ಇಡಲ್ಲ."

ಪಕ್ಕದ ಮನೆಯ ಅನಂತರಾಜು ಅಶ್ವತ್ಥನ ಅಣ್ಣ. ಹಿಂದೊಮ್ಮೆ ಇದೆಲ್ಲ ಅವರ ಹೊಲವಾಗಿತ್ತು. ತಮ್ಮನ ಮನೆ ಹೊರಗಿನವರ ಪಾಲಾಗುವುದು ಅವನಿಗೆ ಸುತರಾಂ ಇಷ್ಟವಿರಲಿಲ್ಲ. ನನಗಂತೂ ಅವನ ಮೇಲೇ ಗುಮಾನಿ. ರಮ್ಮಿನ ಮಾತೆತ್ತಿದಾಗ ಅವನು ತಲೆ ಕೆರೆದುಕೊಂಡ.

"ಅವ್ನು ಕುಡೀತಾನೇ ಇರ್ಲಿಲ್ಲ ಕಣಕ್ಕ. ಮಿಲಿಟರಿ ಕ್ಯಾಂಟೀನ್ ಬಾಟ್ಲಿ ಎಲ್ಲಾ ತಂದು ನಂಗೇ ಕೊಡೋನು. ಅದೇನು ದೆವ್ವವೋ ನಂಗೂ ತಿಳೀವಲ್ದು. ಮಾರ್ಬೇಡಿ ಅಂತ ಅವ್ನೇ ಯೋಳ್ತಾವ್ನೆ, ಅಷ್ಟೆ."

"ಇರ್ಬೋದು," ಎಂದು ಲಕ್ಷ್ಮಿದೇವಮ್ಮ ಎದ್ದರು. ಹೊರಡುವಾಗ, "ಅಶ್ವತ್ಥಂಗೆ ಕಾಯೊಬ್ಬಟ್ಟು ಅಂದ್ರೆ ಪ್ರಾಣ ಅಲ್ವಾ? ಅದನ್ನ ಇಟ್ಟಿದ್ರೆ ಸಮಾಧಾನ ಆಗ್ತಿದ್ನೇನೋ," ಎಂದರು.

ಅಲ್ಲಿಂದ ಅನಿಕೇತನ ಆಫೀಸು. ಇಸ್ತ್ರಿ ಅಂಗಿ, ಬಾಯಿ ತುಂಬ ಮಾತು. "ಮೇಡಂ, ನಂಗೂ ಭಯ ಆಗ್ಬಿಟ್ಟಿದೆ. ಪ್ರಾಪರ್ಟಿ ಹೆಸರು ಕೆಟ್ಟೋಯ್ತು. ಒಂದು ಪಾರ್ಟಿ ಮಾತ್ರ ಇದೆ, ಅರ್ಧ ರೇಟಿಗಾದ್ರೆ ತಗೋತಾರೆ. ನಯನಾ ಮೇಡಂಗೆ ನೀವೇ ಹೇಳಿ."

"ಯೋಳಾನ ಬುಡಪ್ಪ. ಪಾಪ, ಅಶ್ವತ್ಥಂಗೆ ನಿಪ್ಪಟ್ಟು ಅಂದ್ರೆ ಪ್ರಾಣ. ಅದನ್ನ ಯಾರೂ ಇಡ್ಲಿಲ್ಲ ನೋಡು, ಅದಕ್ಕೇ ಇಂಗಾಡ್ತಾವ್ನೆ."

ಬೀದಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಅಲ್ಲಿ ಕಾಯೊಬ್ಬಟ್ಟು, ಇಲ್ಲಿ ನಿಪ್ಪಟ್ಟು! ನಿಮಗೇನು ಅರಳುಮರಳಾ? ಅಲ್ಲೊಂದು ಹೆಣ್ಣು ಹೆದರಿ ಸಾಯ್ತಿದೆ, ನೀವು ತಿಂಡಿ ವಿಚಾರ ಮಾತಾಡ್ತಿದ್ದೀರಿ."

"ಟೀಚರಮ್ಮ, ಸ್ಮರಣೆ ದಿನ ತೆಗೆದ ಗುಂಪು ಫೋಟೋ ನಿಮ್ ಮೊಬೈಲಲ್ಲಿ ಐತಾ?" ಎಂದರು ಅವರು. ನನ್ನ ಮಾತು ಕಿವಿಗೇ ಬಿದ್ದಿರಲಿಲ್ಲ.

ಮುಂದಿನ ಭಾನುವಾರ ಆರ್.ಟಿ. ನಗರದಿಂದ ಸೇತುರಾಮ ಎಂಬುವರು ಮನೆ ನೋಡಲು ಬರುವವರಿದ್ದರು. ಲಕ್ಷ್ಮಿದೇವಮ್ಮನವರೇ ಹೇಳಿ ಕರೆಸಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅನಿಕೇತ್ ಅವರನ್ನು ಬಸ್ ನಿಲ್ದಾಣದಿಂದ ಕರೆತಂದ. ನಾನು, ಲಕ್ಷ್ಮಿದೇವಮ್ಮ, ನಯನಾ, ಅನಂತರಾಜು ಗೇಟಿನಲ್ಲಿ ಕಾಯುತ್ತಿದ್ದೆವು. ಅನಿಕೇತ್ ಬೀಗ ತೆಗೆದು ಬಾಗಿಲು ನೂಕಿದ.

ಊದುಬತ್ತಿಯ ಹೊಗೆ ಹೊರಗೆ ಬಂತು. ಒಳಗೆ ಕತ್ತಲು, ದೀಪ ಉರಿಯುತ್ತಿತ್ತು. ಅನ್ನದ ಮೇಲೆ ಹಬೆ. ಹಾರದ ನಡುವೆ ಅಶ್ವತ್ಥ್ ನಮ್ಮನ್ನೇ ನೋಡುತ್ತಿದ್ದ. ನಯನಾ ಕಿಟ್ಟನೆ ಕಿರುಚಿ ನೆಲಕ್ಕೆ ಕುಸಿದಳು. "ಆಯ್ತು ಕಣ್ರೀ, ಮಾರಲ್ಲ! ಮಾರಲ್ಲ!" ಎಂದು ಫೋಟೋಗೆ ಕೈ ಮುಗಿದಳು.

ಲಕ್ಷ್ಮಿದೇವಮ್ಮ ನೆಟ್ಟಗೆ ಎಲೆಯ ಹತ್ತಿರ ಹೋಗಿ, ಅದರ ಮೂಲೆಯಿಂದ ಏನನ್ನೋ ತೆಗೆದು ಕಟುಮ್ಮೆಂದು ಕಡಿದರು.

ನಿಪ್ಪಟ್ಟು!

"ಚೆನ್ನಾಗೈತೆ," ಎಂದರು. "ಏಳವ್ವ ನಯನಾ. ಎಲ್ರೂ ಪಾರ್ಕಿಗೆ ಬನ್ನಿ. ಅವನ ಕಲ್ಲಿನ ಮುಂದೇನೇ ಮಾತಾಡಾನ. ಅನಿಕೇತಪ್ಪ, ನೀನೂನೂವೆ."

ಕಲ್ಲಿನ ಬಳಿ ಬಡಾವಣೆಯ ಜನ ಆಗಲೇ ಸೇರಿದ್ದರು. ಹೊಂಗೆ ಮರದ ಕೆಳಗೆ ಅದೇ ಬೆರಳಿಲ್ಲದ ಮನುಷ್ಯ, ತಲೆ ತಗ್ಗಿಸಿ ನಿಂತಿದ್ದ.

"ಎಡೆ ಇಟ್ಟ ಕೈ ಒಂದಲ್ಲ, ಎರಡು," ಎಂದು ಲಕ್ಷ್ಮಿದೇವಮ್ಮ ಶುರುಮಾಡಿದರು. "ಮೊದಲ್ನೇದು ಒಳಕೋಣೇಲಿ, ಮುಚ್ಚಿದ ಬಾಗಿಲ ಹಿಂದೆ. ಸತ್ತೋರು ಉಣ್ಲಿ ಅಂತ ಇಟ್ಟಿದ್ದು. ಆಮೇಲಿನವು ನಡುಮನೇಲಿ, ಬಾಗ್ಲಿಗೆ ಎದುರಾಗಿ. ಬದುಕಿರೋರು ನೋಡ್ಲಿ ಅಂತ ಇಟ್ಟಿದ್ದು. ಮಿಲಿಟರಿಯೋನು ಅಂದ್ರೆ ಕುಡೀದೆ ಇರ್ತಾನಾ ಅಂತ ರಮ್ ಇಟ್ಟ. ಅಶ್ವತ್ಥನ ಬಾಟ್ಲಿ ಕುಡಿದು ಮುಗಿಸಿದ ಅನಂತಣ್ಣ ಆ ತಪ್ಪು ಮಾಡ್ತಾನಾ? ಇದು ಮನೇವ್ರ ಕೆಲಸ ಅಲ್ಲ."

ಜನ ನಕ್ಕರು. ಅನಂತರಾಜು ಆಕಾಶ ನೋಡಿದ.

"ಆದ್ರೂ ಗಟ್ಟಿ ಮಾಡ್ಕೋಬೇಕಲ್ಲ. ಬೀಗದ ಕೈ ಇರೋ ಇಬ್ರಿಗೂ ಒಂದೊಂದು ಸುಳ್ಳು ಯೋಳ್ದೆ. ಅನಂತಣ್ಣಂಗೆ ಕಾಯೊಬ್ಬಟ್ಟು ಅಂದೆ. ಇನ್ನೊಬ್ಬಂಗೆ ನಿಪ್ಪಟ್ಟು ಅಂದೆ. ಇವತ್ತು ಎಲೇಲಿ ನಿಪ್ಪಟ್ಟು ಬಂತು."

ಅನಿಕೇತನ ಮುಖ ಬಿಳಿಚಿತು. "ಅದ್... ಅದು ಯಾರು ಬೇಕಾದ್ರೂ ಇಡಬಹುದು ಮೇಡಂ. ಅವ್ರಿಗೆ ಇಷ್ಟ ಇತ್ತಲ್ಲ."

"ಎಲ್ಲಿ ಇಷ್ಟ ಇತ್ತು?" ಎಂದು ನಯನಾ ಮುಂದೆ ಬಂದಳು. "ಅವ್ರ ದವಡೆ ಹಲ್ಲು ಮುರಿದಿತ್ತು. ನಿಪ್ಪಟ್ಟು ಮನೆಗೇ ತರ್ತಿರ್ಲಿಲ್ಲ ನಾವು."

"ಮೊದಲ ಎಡೆ ಕಂಡು ಗಿರಾಕಿ ಓಡಿದ್ರಲ್ಲ, ಅವತ್ತೇ ಇವನಿಗೆ ದಾರಿ ಸಿಕ್ತು," ಎಂದರು ಲಕ್ಷ್ಮಿದೇವಮ್ಮ. "ಹೋಟ್ಲಿಂದ ಬಿಸಿ ಪಾರ್ಸಲ್ ತಂದು ಬಡಿಸಿ, ಬೀಗ ಹಾಕಿ, ಆಮೇಲೆ ಓಗಿ ಗಿರಾಕಿ ಕರ್ಕೊಂಡು ಬರೋನು. ಅರ್ಧ ರೇಟಿನ ಪಾರ್ಟಿ ಯಾರು ಗೊತ್ತಾ? ಇವನ ಭಾವಮೈದ. ಠಾಣೆಗೆ ತಿಳಿಸಿದ್ದೀನಿ ಕಣಪ್ಪ, ಓಗಿ ಅಲ್ಲಿ ಕತೆ ಯೋಳು."

ಅನಿಕೇತ್ ಓಡಲು ತಿರುಗಿದ. ಗೇಟಿನಲ್ಲಿ ಕಾನ್‌ಸ್ಟೇಬಲ್ ಕಾಯುತ್ತಿದ್ದ. ಸತ್ತವನ ಹೆಂಡತಿಯ ಭಯವನ್ನು ಬಂಡವಾಳ ಮಾಡಿಕೊಂಡವನಿಗೆ ಎರಡು ಬಿಗಿಯಬೇಕೆಂದು ನನ್ನ ಕೈ ತುರಿಸುತ್ತಿತ್ತು.

"ಹಾಗಾದ್ರೆ ಮೊದಲ್ನೇ ಎಡೆ?" ಎಂದು ನಯನಾ ಪಿಸುಗುಟ್ಟಿದಳು. "ಆ ಕೀ?"

"ಮನೇವ್ರಿಗೂ ಗೊತ್ತಿಲ್ಲದ ಇಷ್ಟ ಯಾರಿಗೆ ಗೊತ್ತಿರುತ್ತೆ? ಮನೆ ಬಿಟ್ಟು ಬೇರೆ ಕಡೆ ಜೊತೇಲಿ ಉಂಡೋರಿಗೆ. ತುಕ್ಕು ಹಿಡಿದ ಕೀಗೆ ಎಣ್ಣೆ ಹಾಕ್ದೆ ಬಿಡೋಕೆ ಆಗದ ಕೈ, ಬಂದೂಕು ಒರೆಸಿ ಅಭ್ಯಾಸ ಆದ ಕೈ. ಟೀಚರಮ್ಮನ ಖಾರಾಬಾತು ಬ್ಯಾಡ ಅಂದೋನಿಗೆ ಎರಡು ಬೆರಳಿರ್ಲಿಲ್ಲವಂತೆ, ಅದು ಬೆರಳು ಹಿಮಕ್ಕೆ ಕೊಟ್ಟ ಕೈ. ಟೀಚರಮ್ಮನ ಗುಂಪು ಫೋಟೋನ, ನಿನ್ ಮೊಬೈಲಲ್ಲಿದ್ದ ಗಡಿ ಫೋಟೋನ ಪಕ್ಕಪಕ್ಕ ಇಟ್ಟು ನೋಡ್ದೆ. ಎರಡ್ರಲ್ಲೂ ಇವನಿದ್ದ. ಅಶ್ವತ್ಥನ ಪಲ್ಟನ್ನಿನೋರನ್ನ ಕೇಳಿ ಹುಡುಕಿಸ್ದೆ. ಬಾರಪ್ಪ ನಜೀರ್."

ಅವನು ಮುಂದೆ ಬಂದ. ಮಾಕಳಿಯವನು, ಈಗ ದಾಸರಹಳ್ಳಿಯ ಗೋದಾಮಿನಲ್ಲಿ ಸೆಕ್ಯುರಿಟಿ.

"ಅಕ್ಕಾ, ಅವತ್ತು ಪಹರೆ ನಂದು," ಎಂದ. "ಜ್ವರ ಬಂದಿತ್ತು. ನೀನು ಮಲ್ಕೋ ಅಂತ ಸಾಬ್ ಹೋದ್ರು. ಆಮೇಲೆ ಹಿಮ ಜಾರ್ತು. ಐದು ವರ್ಷದಿಂದ ನಿಮ್ಮ ಗೇಟಿನ ತನಕ ಬಂದು ವಾಪಸ್ ಹೋಗ್ತಿದ್ದೆ. ಯಾವ ಮುಖ ತೋರಿಸ್ಲಿ? ಮನೆ ಮಾರಾಟಕ್ಕಿದೆ ಅಂತ ಬೋರ್ಡ್ ನೋಡಿದೆ. ಇನ್ನು ಮುಂದೆ ಆಗಲ್ಲ ಅಂತ, ಸಾಬ್ ಒಮ್ಮೆ ಹೇಳಿದ್ದ ಸಂಪಿನ ಕೀ ತೆಗೆದು ಒಳಗೆ ಹೋದೆ. ತಪ್ಪಾಯ್ತಕ್ಕ."

"ಎಡೆ ಇಡೋದು ನಿಮಗೆ..." ಎಂದಳು ನಯನಾ.

"ಸಾಬ್ ಕಲಿಸಿದ್ದು. ಮೇಲೆ ಹಿಮದಲ್ಲಿ ಅವರಪ್ಪನಿಗೆ ಇಟ್ಟಿದ್ರು. ನಾವೆಲ್ಲ ಟೆಂಟ್ ಆಚೆ ನಿಂತು ನಡುಗ್ತಿದ್ವಿ. ಆಮೇಲೆ ತಟ್ಟಿ ಒಳಗೆ ಹೋಗಿ ಒಂದು ತುತ್ತು ತಿನ್ನಬೇಕು ಅಂತಿದ್ರು. ಅದಕ್ಕೇ ಒಂದು ಚಮಚ ತಿಂದೆ. ಅಲ್ಲಿ ಹಾಲಿನ ಡಬ್ಬಿ ಅಂದ್ರೆ ಅವ್ರಿಗೆ ಮಗುವಿನಷ್ಟು ಆಸೆ ಅಕ್ಕಾ."

ನಯನಾ ಬಿಕ್ಕಳಿಸುತ್ತ ಕೇಳಿದಳು, "ಕೊನೇ ಸಲ ಫೋನ್ ಮಾಡಿದಾಗ... ಕೋಪ ಮಾಡ್ಕೊಂಡಿದ್ರಾ?"

"ಕೋಪಾನಾ?" ನಜೀರ್ ಮೊದಲ ಬಾರಿ ತಲೆ ಎತ್ತಿದ. "ನಗಾಡಿದ್ರು. ಪಾಪ, ಅವಳು ಎರಡು ಬಸ್ ಬದಲಾಯಿಸಿ ಡ್ಯೂಟಿಗೆ ಹೋಗ್ತಾಳೆ, ಸುಸ್ತಾಗಿರ್ತಾಳೆ ಅಂದ್ರು. ನಜೀರ್, ಮುಂದಿನ ರಜಾದಲ್ಲಿ ಆ ಮನೆ ಮಾರಿ ಹೆಬ್ಬಾಳದಲ್ಲೇ ಚಿಕ್ಕದೊಂದು ನೋಡ್ತೀನಿ, ಅದನ್ನೇ ಹೇಳೋಕೆ ಫೋನ್ ಮಾಡಿದ್ದೆ ಅಂದ್ರು."

ಅನಂತರಾಜು ಟವೆಲಿನಲ್ಲಿ ಮುಖ ಒರೆಸಿಕೊಂಡು, "ಮಾರಮ್ಮ, ನಾನು ಅಡ್ಡ ಬರಾಕಿಲ್ಲ," ಎಂದ. ನಾನು ಅತ್ತೆ, ಅದರಲ್ಲಿ ನಾಚಿಕೆ ಏನು?

ಸಂಜೆಯ ಹೊತ್ತಿಗೆ ನಯನಾ ಆ ಹೋಟೆಲ್ ಊಟವನ್ನೆಲ್ಲ ಎತ್ತಿಸಿ, ಮನೆ ತೊಳೆದು, ಒಳಕೋಣೆಯಲ್ಲಿ ತಾನೇ ಎಡೆ ಇಟ್ಟಳು. ಬಿಸ್ಕತ್ತು, ಗಟ್ಟಿಹಾಲು. ಡಬ್ಬಿಯನ್ನು ನಜೀರನೇ ಕೊಯ್ದುಕೊಟ್ಟ. ಬಾಗಿಲು ಮುಚ್ಚಿ ನಾವೆಲ್ಲ ಅಂಗಳದಲ್ಲಿ ನಿಂತೆವು. ಒಳಗೆ ಯಾರೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಿವಿ ಆ ಕಡೆಗೇ ಇತ್ತು, ಒಂದು ಚಮಚ ತಟ್ಟೆಗೆ ತಗಲಿದ ಸದ್ದು ಕೇಳಿದಂತಾಯಿತು. ಲಕ್ಷ್ಮಿದೇವಮ್ಮನವರ ಕಡೆ ನೋಡಿದೆ. ಅವರೂ ಬಾಗಿಲನ್ನೇ ನೋಡುತ್ತಿದ್ದರು.

ಹೊತ್ತಾಯಿತು. ತಟ್ಟಲು ಯಾರೂ ಮುಂದಾಗಲಿಲ್ಲ. ಕೊನೆಗೆ ನಯನಾ ಮೆಟ್ಟಿಲು ಹತ್ತಿ ಮೆಲ್ಲಗೆ ಬಾಗಿಲು ತಟ್ಟಿದಳು.

"ಊಟ ಆಯ್ತೇನ್ರೀ?" ಎಂದಳು. "ಸುಸ್ತೇನೂ ಇಲ್ಲ ನಂಗೆ. ಹೆಬ್ಬಾಳದಲ್ಲಿ ಮನೆ ನೋಡಿದ್ದೀನಿ. ಆಸ್ಪತ್ರೆಗೆ ನಡ್ಕೊಂಡೇ ಹೋಗ್ಬಹುದು."