ಟೀವಿಯಲ್ಲಿ ಅಪ್ಪನ ಕುರಿಗಳು

‘ಅಪ್ಪ ಫೋನ್ ಎತ್ತದಿದ್ದರೆ ಸಾಕು’ ಎಂದು ಪ್ರಾಜಕ್ತಾ ಬೇಡಿಕೊಳ್ಳುವಷ್ಟರಲ್ಲಿ ಶಾಲೆಯ ಟೀವಿಯ ತುಂಬ ಅಪ್ಪನ ಮುಖವೇ ಬಂತು. ತಲೆಗೆ ರುಮಾಲು, ಹೆಗಲಿಗೆ ಕಂಬಳಿ. ಹಿಂದೆ ಶಿರೋಳದ ಕಡೆಯ ಕಬ್ಬು ಕಡಿದ ಹೊಲ, ಹೊಲದ ತುಂಬ ಕುರಿಗಳು. ಹುಡುಗರು ನಕ್ಕರೆ ಏನು ಗತಿ ಎಂದು ಅವಳಿಗೆ ಹೆದರಿಕೆ.

ಶುಭಾಂಗಿ ಅಕ್ಕೋರು ಗಡಹಿಂಗ್ಲಜದಲ್ಲಿ ಡಿ.ಎಡ್. ಓದುತ್ತಿದ್ದರು. ಪಾಠ ಮಾಡಿ ಕಲಿಯಲು ಈ ಕನ್ನಡ ಶಾಲೆಗೆ ಒಂದು ತಿಂಗಳು ಬಂದಿದ್ದರು. ಇವತ್ತು ಅವರ ಕಾಲೇಜಿನ ಸರ್ ಹಿಂದಿನ ಬೆಂಚಿನಲ್ಲಿ ಕೂತು ಮಾರ್ಕ್ಸ್ ಹಾಕುವವರಿದ್ದರು. ಪಾಠ ಗುಣಾಕಾರದ್ದು. ಕುರಿಗಳ ಲೆಕ್ಕ ಕೇಳಲೆಂದು ಅವರೇ ಪ್ರಾಜಕ್ತಾಳ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಟೀವಿಗೆ ಜೋಡಿಸಿದ್ದರು.

“ಮಲ್ಲಾರಿ ಅಣ್ಣಾರ, ನಿಮ್ಮ ಕುರಿ ಎಷ್ಟ ಅದಾವ್ರಿ?”

“ಕುರಿ ಎಣಸಬಾರದ್ರಿ ಅಕ್ಕೋರ. ನಮ್ಮ ಮನ್ಯಾಗ ಯಾರೂ ಎಣಸಂಗಿಲ್ಲ.”

“ಎಣಸಾಕ ಬರಂಗಿಲ್ಲ ಅನ್ರಿ!” ಎಂದ ಅಜಿಂಕ್ಯ. ಇಡೀ ವರ್ಗ ನಕ್ಕಿತು. ಆ ನಗು ಫೋನಿನೊಳಗೂ ಹೋಯಿತು. ಪ್ರಾಜಕ್ತಾ ಡೆಸ್ಕಿನ ಮೇಲೆ ತಲೆಯಿಟ್ಟು ಮುಖ ಮುಚ್ಚಿಕೊಂಡಳು.

ಅಕ್ಕೋರು ನಗಲಿಲ್ಲ. “ಮತ್ತ ಒಂದ ಕುರಿ ತಪ್ಪಿಸ್ಕೊಂಡ್ರ ಹ್ಯಾಂಗ ಗೊತ್ತಾಗ್ತೈತ್ರಿ?”

“ಒಂದೊಂದರ ಮಾರಿ ನೋಡ್ತೇನ್ರಿ. ಯಾವ ಮಾರಿ ಕಾಣಲಿಲ್ಲೋ ಅದು ತಾನ ನೆನಪಾಗ್ತೈತಿ.”

“ಸುಳ್ಳ! ಎಲ್ಲಾ ಕುರೀನೂ ಒಂದ ನಮೂನಿ ಇರ್ತಾವು.”

“ಹಂಗಾರ ನೀನ ಪರೀಕ್ಷಾ ಮಾಡೋ ಅಜಿಂಕ್ಯ,” ಎಂದರು ಅಕ್ಕೋರು.

“ಕಾಕಾ, ಆ ಬದುವಿನ ಮ್ಯಾಲ ನಿಂತೈತಲ್ಲ, ಕರೇದು?”

“ಅದು ಗೌರಿ. ಭಾಳ ತುಡುಗಿ, ಕದ್ದ ಮೇಯ್ತೈತಿ.”

ಅಕ್ಕೋರು ತಟ್ಟನೆ ಒಂದು ಸ್ಕ್ರೀನ್‌ಶಾಟ್ ತೆಗೆದರು. ಅಜಿಂಕ್ಯ ಇನ್ನೂ ನಾಲ್ಕೈದು ಕೇಳಿದ. ಅಷ್ಟರಲ್ಲಿ ಹಿಂಡು ಆಚೀಚೆ ಸರಿದಿತ್ತು.

“ಈಗ ನೀರ ಕುಡ್ಯಾಕತ್ತೈತಲ್ಲ, ಅದು?”

“ತಮ್ಮಾ, ಗೌರೀನ್ನ ಎಷ್ಟ ಸಲ ಕೇಳ್ತೀಯೋ!”

ಅಕ್ಕೋರು ಮೊದಲಿನ ಫೋಟೋವನ್ನು ಟೀವಿಗೆ ತಂದರು. ಬದುವಿನ ಮೇಲಿದ್ದ ಕುರಿಗೂ ನೀರು ಕುಡಿಯುವ ಕುರಿಗೂ ಎಡಗಿವಿಯ ತುದಿಯಲ್ಲಿ ಅದೇ ಸಣ್ಣ ಹರಕು. ಅಜಿಂಕ್ಯ ತಲೆ ಕೆರೆದುಕೊಂಡ. “ಅಬಾಬಾ! ಕಾಕಾ ಭಾರೀ ಅದಾರ!”

ಗಂಟೆ ಹೊಡೆಯಿತು. ಕಾಲೇಜಿನ ಸರ್ ಎದ್ದು ಬಂದರು. “ಗುಣಾಕಾರ ಹಂಗ ಉಳೀತಲ್ಲ, ಶುಭಾಂಗಿ?”

“ಹೌದ್ರಿ ಸರ್. ಫೋನ್ ಹಚ್ಚಿದ್ರ ಉತ್ತರ ಬರ್ತೈತಿ ಅಂತ ತಿಳಕೊಂಡಿದ್ದೆ. ಉತ್ತರದ ಬದಲಿ ಮನುಷ್ಯಾರು ಬಂದ್ರು. ಅವರ ಮಾತಿಗೂ ನಾ ಟೈಮ್ ಇಟ್ಕೊಂಡಿರಬೇಕಿತ್ತು.”

ಸರ್ ತಮ್ಮ ಪುಸ್ತಕದಲ್ಲಿ ಏನೋ ಬಹಳ ಹೊತ್ತು ಬರೆದರು.

“ನಮ್ಮ ಪ್ರಾಜೂ ಎಲ್ಲಿ?” ಎಂದು ಫೋನಿನಿಂದ ದನಿ ಬಂತು. ಅಕ್ಕೋರು ವಾಯರ್ ಬಿಚ್ಚಿ ಫೋನನ್ನು ಅವಳ ಮುಂದೆ ಹಿಡಿದರು. ಅಪ್ಪ ಅವಳ ಮುಖವನ್ನು ದಿಟ್ಟಿಸಿ ನೋಡಿದ.

“ಯಾಕವ್ವ, ಅತ್ತೀಯೇನ?”

ಅವಳು ಆಗಲೇ ಕಣ್ಣು ಒರೆಸಿಕೊಂಡಿದ್ದಳು. ಅತ್ತದ್ದು ಪಕ್ಕದಲ್ಲೇ ಕೂತ ರಾಜಮತಿಗೂ ಗೊತ್ತಾಗಿರಲಿಲ್ಲ.

“ಈಗಿಲ್ಲಪ್ಪಾ. ತಡಿ, ಫೋನ್ ಇಡಬ್ಯಾಡ.”

ಅವಳು ಫೋನ್ ಇಸಿದುಕೊಂಡು ಒಬ್ಬೊಬ್ಬರ ಮುಖದ ಮುಂದೆ ಹಿಡಿಯುತ್ತ ಹೋದಳು. “ಇಕಿ ರಾಜಮತಿ. ಇಂವ ಬಸಗೊಂಡ.” ಅಜಿಂಕ್ಯ ಅವಸರದಲ್ಲಿ ಕೂದಲು ಸರಿಮಾಡಿಕೊಂಡ.

“ಸಾವಕಾಶ ತೋರಸವ್ವ,” ಎಂದ ಅಪ್ಪ. “ನೋಡಾಕತ್ತೇನಿ.”