ಹಿರಿಯರಿಗೆ ಎದ್ದು ನಿಲ್ಲುವ ಕಾರು

"ಈ ಮನೇಲಿ ಒಂದೋ ಆ ಕಾರಿರಬೇಕು, ಇಲ್ಲಾ ನಾನಿರಬೇಕು!"

ಹೊಸ್ತಿಲಲ್ಲಿ ನಿಂತು ಅತ್ತೆ ಗುಡುಗಿದ ಗುಡುಗಿಗೆ, ಅಂಗಳದಲ್ಲಿ ಕಾರು ಇಳಿಸುತ್ತಿದ್ದ ಲಾರಿಯವನ ಕೈಯಿಂದ ಹಗ್ಗವೇ ಜಾರಿತು. ಕೈಯಲ್ಲಿ ಸೌಟು, ಕಣ್ಣಲ್ಲಿ ಬೆಂಕಿ, ಹಿನ್ನೆಲೆ ಸಂಗೀತಕ್ಕೆ ಕುಕ್ಕರಿನ ಶಿಳ್ಳೆ... ಕ್ಲೈಮ್ಯಾಕ್ಸಿಗೆ ಇನ್ನೇನು ಬೇಕು! ಇಳಿದ ಕಾರಾದರೂ ಎಂಥದ್ದು? ಹುಟ್ಟಿದ್ದು ಫ್ರಾನ್ಸಿನಲ್ಲಿ, ವಯಸ್ಸಿನಲ್ಲಿ ಸೊಸೆಗಿಂತ ದೊಡ್ಡದು, ಮೂರು ಬಾಗಿಲು ಬಿಳಿ, ಒಂದು ನೀಲಿ. ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಿದ್ದ ಆ ಮುದಿಪ್ರಾಣಿಯನ್ನು ಸೊಸೆ ಮಾತ್ರ, ಬಾಣಂತನಕ್ಕೆ ಬಂದ ತಂಗಿಯನ್ನು ನೋಡುವಂತೆ ನೋಡುತ್ತಿದ್ದಳು.

"ಅತ್ತೆ, ಒಂದ್ಸಲ ಕೇಳಿ... ಇದು ಹಿರಿಯರು ಬಂದ್ರೆ ಎದ್ದು ನಿಲ್ಲೋ ಕಾರು."

"ತಂದೋಳೇ ಎದ್ದು ನಿಲ್ಲಲ್ಲ, ತಂದಿದ್ದು ನಿಲ್ಲುತ್ತಾ?"

ಗಂಡ ಕನ್ನಡಕ ತೆಗೆದು ಒರೆಸತೊಡಗಿದ. ಅವನದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಕಾಣಿಸುವ ಪುಣ್ಯಾತ್ಮನಿಗೆ, ತಾಯಿ ಹೆಂಡತಿ ಎದುರುಬದುರು ನಿಂತರೆ ಮಾತ್ರ ಕಣ್ಣು ಕತ್ತಲೆ. ಅತ್ತ ದರಿ, ಇತ್ತ ಪುಲಿ!

ಸೊಸೆ ಕಾರಿನ ಸೀಟು ಹೊಲಿಯುವವಳು. ಹಳೆಯ ಕಾರುಗಳ ಜಾಹೀರಾತು ಓದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳ ಪ್ರಕಾರ ಕಾರಿನ ಜಾಹೀರಾತಿಗೂ ವರನ ಜಾಹೀರಾತಿಗೂ ಹೆಚ್ಚು ವ್ಯತ್ಯಾಸವಿಲ್ಲ. 'ಸ್ವಲ್ಪ ಕೆಲಸವಿದೆ' ಎಂದಿದ್ದರೆ ತಳವೇ ಇಲ್ಲ. 'ಹವ್ಯಾಸಿಗಳಿಗೆ ಸೂಕ್ತ' ಎಂದಿದ್ದರೆ ಮಾರುವವನು ಕೈಮುಗಿದಿದ್ದಾನೆ. 'ಒಬ್ಬರೇ ಓಡಿಸಿದ್ದು' ಎಂದಿದ್ದರೆ ಆ ಒಬ್ಬರು ಎಲ್ಲೆಲ್ಲಿ ಗುದ್ದಿದ್ದರೆಂದು ಕೇಳಬೇಕು. ಇಟಲಿಯ ಸುಂದರಿಯೊಂದು ಅಗ್ಗಕ್ಕೆ ಸಿಕ್ಕಿತ್ತು, ಬಣ್ಣದ ಕೆಳಗೆ ಬರೀ ತುಕ್ಕು. ಜರ್ಮನಿಯ ಗಟ್ಟಿಗನೊಬ್ಬ ಸಿಕ್ಕಿದ್ದ, ಕಾರು ಅಗ್ಗ, ಬಿಡಿಭಾಗಕ್ಕೆ ಮನೆ ಮಾರಬೇಕು. ಎಲ್ಲವನ್ನೂ ಬಿಟ್ಟು ಅವಳು ಈ ಫ್ರೆಂಚ್ ಮುದುಕಿಗಾಗಿ ಕಾದಿದ್ದಳು. ಅದಕ್ಕೆ ಕಾರಣ, ಒಳಕೋಣೆಯ ಕಿಟಕಿಯಲ್ಲಿ ವಾಕರ್ ಹಿಡಿದು ನಿಂತಿದ್ದ ಮಾವ.

ಮಾವ ಆಯುಷ್ಯವೆಲ್ಲ ಬಸ್ಸು ಓಡಿಸಿದವರು. ಸೊಂಟದ ಆಪರೇಷನ್ ಆದ ಮೇಲೆ ಮನೆಯಿಂದ ಹೊರಬಿದ್ದಿರಲಿಲ್ಲ. ಸಾಧಾರಣ ಕಾರಿನೊಳಗೆ ಕೂರುವುದೆಂದರೆ ಅವರಿಗೆ ಬಾವಿಗಿಳಿದಂತೆ, ಎತ್ತರದ ಗಾಡಿ ಹತ್ತುವುದೆಂದರೆ ಬೆಟ್ಟ ಹತ್ತಿದಂತೆ. ಈ ಕಾರಿನ ಮಹಿಮೆಯೇ ಬೇರೆ! ಇದರಲ್ಲಿ ಸ್ಪ್ರಿಂಗಿನ ಬದಲು ಒಂದು ಬಗೆಯ ಹಸಿರೆಣ್ಣೆಯ ಒತ್ತಡ. ಎಂಜಿನ್ ಶುರುವಾದರೆ ಹಸು ಎದ್ದಂತೆ ಮೊದಲು ಹಿಂಭಾಗ, ಆಮೇಲೆ ಮುಂಭಾಗ ಮೇಲೇಳುತ್ತದೆ. ಒಂದು ಸಣ್ಣ ಸನ್ನೆಕೋಲು ಎಳೆದರೆ ಸೀಟು ಸೊಂಟದ ಎತ್ತರಕ್ಕೆ ಬಂದು, 'ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ' ಎನ್ನುತ್ತದೆ. ಅಂಥ ಮರ್ಯಾದೆ ಮನುಷ್ಯರಲ್ಲೂ ಅಪರೂಪ!

ಇದನ್ನೆಲ್ಲ ಸೊಸೆ ವಿವರಿಸುವಷ್ಟರಲ್ಲಿ ಅತ್ತೆ ಸೌಟು ಎತ್ತಿದ್ದರು.

"ಗಾಡಿ ಕಥೆ ನನಗೆ ಹೇಳ್ಬೇಡ ಕಣೇ! ಜನ್ಮವಿಡೀ ಗಂಡನ್ನ ಬಸ್ಸಿಗೆ ಕೊಟ್ಟೆ. ಜೊತೇಲಿರೋಣ ಅಂತ ಅದೇ ಬಸ್ ಹತ್ತಿದ್ರೂ ಕೂತಿದ್ದು ಅವರ ಬೆನ್ನ ಹಿಂದೆ. ತಲೆ ಮೇಲೆ ಬೋರ್ಡು, 'ಚಾಲಕರೊಂದಿಗೆ ಮಾತನಾಡಬೇಡಿ' ಅಂತ! ಬಾಯಿ ಹೊಲ್ಕೊಂಡು ಊರೂರು ಸುತ್ತಿದೆ. ಈಗ ಸೊಸೇನೂ ಕಾರಿಗೆ ಕೊಡ್ಲಾ?... ಭಾನುವಾರದೊಳಗೆ ಅದು ಎದ್ದು ನಿಲ್ಲಬೇಕು. ಇಲ್ಲಾ, ಗುಜರಿಯವನು ಬಂದು ಹೊತ್ಕೊಂಡು ಹೋಗ್ತಾನೆ!"

ಸೊಸೆ ಸೆರಗು ಸಿಕ್ಕಿಸಿ ಕಾರಿನಡಿ ನುಗ್ಗಿದವಳು ಊಟಕ್ಕಷ್ಟೇ ಹೊರಬಂದಳು. ಮಾವ ಕಿಟಕಿಯಿಂದಲೇ ಸಲಹೆ ಕೊಡುತ್ತಿದ್ದರು. ಗುರುವಾರ ಸಂಜೆ ಕೀಲಿ ತಿರುಗಿಸಿದಾಗ ಕಾರು ಕೆಮ್ಮಿತು, ನಡುಗಿತು... ಮೆಲ್ಲಗೆ, ರಾಣಿಯಂತೆ ಎದ್ದಿತು! ಮಾವ ವಾಕರ್ ಬಿಟ್ಟು ಚಪ್ಪಾಳೆ ತಟ್ಟಲು ಹೋಗಿ ಬೀಳುವುದರಲ್ಲಿದ್ದರು.

"ಇನ್ನೊಂಚೂರು ಎಣ್ಣೆ ಬೇಕು ಮಾವ. ಭಾನುವಾರ ಹಾಕ್ತೀನಿ, ಅಲ್ಲೀವರೆಗೂ ಅಂಗಡೀಲಿ ಸೀಟು ಹೊಲಿಯೋದಿದೆ," ಎಂದು ಸೊಸೆ ಹೋದಳು.

ಭಾನುವಾರ ಬೆಳಿಗ್ಗೆ ಎಲ್ಲರ ಮುಂದೆ ಕೀಲಿ ತಿರುಗಿಸಿದಳು. ಎಂಜಿನ್ ಹಾಡಿತು, ಕಾರು ಏಳಲಿಲ್ಲ. ಅಡಿಯಲ್ಲಿ ತೊಟ್ಟಿಕ್ಕುತ್ತಿತ್ತು. ಕಾರಿನ ಎಣ್ಣೆಯ ಡಬ್ಬಿ ತೆರೆದು ಮೂಸಿದಳು. ಹಸಿರೆಣ್ಣೆಯೊಳಗೆ ಬ್ರೇಕ್ ಆಯಿಲ್ ಬೆರೆತಿತ್ತು! ಬಸ್ಸಿಗೆ ಅದು ಅಮೃತ, ಈ ಕಾರಿನ ರಬ್ಬರುಗಳಿಗೆ ವಿಷ. ತಲೆಯೆತ್ತಿದರೆ ಬಾಗಿಲ ಬಳಿ ಮಾವ. ಬಿಳಿಚಿದ ಮುಖ, ಅಂಗಿಯ ತೋಳಿನಲ್ಲಿ ಎಣ್ಣೆಯ ಕಲೆ... ಜೀವಮಾನದಲ್ಲಿ ಒಂದು ಅಪಘಾತವನ್ನೂ ಮಾಡದ ಡ್ರೈವರ್! ಆ ಹೆಮ್ಮೆಯೊಂದೇ ಅವರಲ್ಲಿ ಉಳಿದಿದ್ದ ಊರುಗೋಲು.

"ಏನಾಯ್ತು? ಯಾರು ಮಾಡಿದ್ದು?" ಅತ್ತೆ ಕೇಳಿದರು.

"ನಾನೇ ಅತ್ತೆ..." ಸೊಸೆ ತಲೆತಗ್ಗಿಸಿದಳು. "ಆತುರದಲ್ಲಿ ಬೇರೆ ಎಣ್ಣೆ ಹಾಕ್ಬಿಟ್ಟೆ. ತಪ್ಪು ನಂದೇ. ಗುಜರಿಯವನಿಗೆ... ಹೇಳ್ಬಿಡಿ."

"ಅಮ್ಮಾ, ಎತ್ಕೊಂಡು ಹೋಗ್ಲಾ?" ಗೇಟಿನಲ್ಲಿ ಗುಜರಿಯವನು ಆಗಲೇ ಹಗ್ಗ ಬಿಚ್ಚುತ್ತಿದ್ದ.

"ಕೈ ಇಟ್ರೆ ಕೈ ಮುರೀತೀನಿ!"

ಎಲ್ಲರೂ ಬೆಚ್ಚಿಬಿದ್ದರು. ಕೂಗಿದ್ದು ಅತ್ತೆ! ಅವರು ಸೊಸೆಯ ಹತ್ತಿರ ಬಂದು, ಎಣ್ಣೆ ಮೆತ್ತಿದ ಅವಳ ಗಲ್ಲವನ್ನು ಸೆರಗಿನಿಂದ ಒರೆಸಿದರು.

"ನನ್ನ ಮುಂದೆ ಆ್ಯಕ್ಟಿಂಗ್ ಮಾಡ್ಬೇಡ. ಶುಕ್ರವಾರ ಅಡುಗೆಮನೆ ಕಿಟಕಿಯಿಂದ ನೋಡಿದೀನಿ. ನಿನ್ನ ಮಾವ ವಾಕರ್ ಹಿಡ್ಕೊಂಡು ಅಂಗಳಕ್ಕಿಳಿದು, ಬಸ್ಸಿನ ಎಣ್ಣೆ ಸುರಿದು, ಹೊರಗೆ ನಿಂತೇ ಕೀಲಿ ತಿರುಗ್ಸಿ ಕಾರು ಏಳ್ಸೋದು, ಕೂರ್ಸೋದು, ಮತ್ತೆ ಏಳ್ಸೋದು... ಮಗು ಥರ ನಗ್ತಿದ್ರು ಕಣೇ ಅವರು! ಆಸ್ಪತ್ರೆಯಿಂದ ಬಂದ್ಮೇಲೆ ಆ ನಗು ನಾನು ನೋಡೇ ಇರ್ಲಿಲ್ಲ. ಆ ನಗೂನ ಗುಜರಿಗೆ ಹಾಕ್ಲಾ?"

"ಸೊಸೆ ಮುಂದೆ ನನ್ನ ಮರ್ಯಾದೆ ತೆಗೀಬೇಡ್ವೇ..." ಮಾವ ಬಿಕ್ಕಿದರು.

"ನಿಮ್ಮ ಮರ್ಯಾದೆ ಅವಳ ಹತ್ರ ಭದ್ರವಾಗಿದೆ, ಸುಮ್ನಿರಿ!" ಎನ್ನುವಾಗ ಅತ್ತೆಯ ಕಣ್ಣೂ ತುಂಬಿತ್ತು.

"ಅಮ್ಮಾ, ಅಳೋದು ಮುಗಿದ್ರೆ ನನ್ನ ಬಾಡಿಗೆ..." ಎಂದ ಗುಜರಿಯವನಿಗೆ ಗಂಡ ಟೀ ಕೊಟ್ಟು ಕಳಿಸಿದ. ಕಥೆಯುದ್ದಕ್ಕೂ ಅವನು ಮಾಡಿದ ಒಂದೇ ಒಂದು ಉಪಕಾರ!

ಮರುದಿನದಿಂದ ಜಾಹೀರಾತು ಹುಡುಕುವ ಕೆಲಸ ಅತ್ತೆಯದು. ಅದೇ ಮಾದರಿಯ ಇನ್ನೊಂದು ಸತ್ತ ಕಾರು ಸಿಕ್ಕರೆ, ಅದರ ಅಂಗಾಂಗದಿಂದ ಇದಕ್ಕೆ ಜೀವ ಬರುತ್ತಿತ್ತು. ಫೋನಿನಲ್ಲಿ ಅವರ ದನಿ ಬೀದಿಗೆಲ್ಲ ಕೇಳಿಸುತ್ತಿತ್ತು: "ಸ್ವಲ್ಪ ಕೆಲಸ ಇದೆ ಅಂದ್ರೆ ಏನ್ರೀ ಅರ್ಥ? ತಳ ಇದ್ಯಾ? ಪಂಪ್ ಇದ್ಯಾ? ನಮ್ಮ ಸೊಸೆ ಬಂದು ಕಾರಿನಡಿ ನುಗ್ಗಿ ನೋಡ್ತಾಳೆ, ಸುಳ್ಳು ಹೇಳಿದ್ರೆ ಅಲ್ಲೇ ಕಚ್ಚೆ ಬಿಚ್ಚಿಸ್ತಾಳೆ!"

ಸಿಕ್ಕಿತು. ಬಿಚ್ಚಿದರು, ತೊಳೆದರು, ಜೋಡಿಸಿದರು. ತೊಳೆಯುವುದಕ್ಕೆ ಅತ್ತೆಯೇ ಕೂತರು. ಹಸಿರೆಣ್ಣೆಯನ್ನು ಮಾತ್ರ ಸೊಸೆ ಮಾವನ ಕೈಯಿಂದಲೇ ಹಾಕಿಸಿದಳು.

ಒಂದು ತಂಪು ಮುಂಜಾವು, ಕಾರು ಹಸುವಿನಂತೆ ಮೈಮುರಿದು ಎದ್ದು, ಯಜಮಾನರ ಸೊಂಟದ ಎತ್ತರಕ್ಕೆ ನಿಂತಿತು. ಮಾವ ಯಾರ ಕೈಯನ್ನೂ ಹಿಡಿಯದೆ ಹಿಂದಿನ ಸೀಟಿನಲ್ಲಿ ಕೂತರು. ಸೊಸೆ ಸ್ಟಿಯರಿಂಗ್ ಹಿಡಿದಳು. ಹಿಂದಿನ ಇನ್ನೊಂದು ಬಾಗಿಲು ತೆರೆದ ಮಗನನ್ನು ಅತ್ತೆ, "ನೀನು ಎಲ್ಲಾದ್ರೂ ಕೂತ್ಕೋ, ನನ್ನ ಜಾಗ ಇದು," ಎಂದು ಸರಿಸಿ, ಹಿಂದೆ ಮಾವನ ಪಕ್ಕದಲ್ಲಿ ಒರಗಿದರು.

ಬೀದಿ ದಾಟಿತು, ಪೇಟೆ ದಾಟಿತು. ಕನ್ನಡಿಯಲ್ಲಿ ಸೊಸೆಗೆ ಕಂಡಿದ್ದು, ಮಾವನ ಕೈಯ ಮೇಲೆ ಮೆಲ್ಲಗೆ ಬಂದು ಕೂತ ಅತ್ತೆಯ ಕೈ.

"ರೀ..." ಅತ್ತೆಯ ದನಿ ಹೊಸ ಮದುಮಗಳದ್ದಾಗಿತ್ತು. "ಈಗ ನೀವು ಡ್ರೈವರ್ ಅಲ್ವಲ್ಲ... ಮಾತಾಡ್ಬಹುದಾ?"